ಸತ್ತ ಮೇಲಿನ ಊಟದ ವ್ಯವಸ್ಥೆ: ಪ್ರಾಚೀನ ಈಜಿಪ್ಟಿನ ಸೇವೆಗೆ ನನ್ನ ರೇಟಿಂಗ್

ಐದಕ್ಕೆ ಮೂರು ಸ್ಟಾರ್. ಅದೂ ಊಟ ನೋಡಿ ಕೊಟ್ಟಿದ್ದಲ್ಲ, ಊಟ ನಿಂತುಹೋದರೆ ಏನು ಗತಿ ಅಂತ ಅವರು ಮೊದಲೇ ಯೋಚಿಸಿಟ್ಟಿದ್ದಕ್ಕೆ.

ಈಜಿಪ್ಟಿನವರ ಪ್ರಕಾರ ಸತ್ತವರಿಗೂ ಹಸಿವು, ಬಾಯಾರಿಕೆ ಇದ್ದೇ ಇರುತ್ತದೆ. 'ಕಾ' ಅನ್ನುವ ಜೀವಶಕ್ತಿಗೆ ರೊಟ್ಟಿ, ಬಿಯರ್ ಸಿಗುತ್ತಲೇ ಇರಬೇಕು. ಸಿಗದಿದ್ದರೆ? ಶವಪೆಟ್ಟಿಗೆಗಳ ಮೇಲೆ ಬರೆದ ಮಂತ್ರಗಳಲ್ಲಿ ಒಂದು ಮಾತು ಮತ್ತೆ ಮತ್ತೆ ಬರುತ್ತದೆ: ನಾನು ಮಲ ತಿನ್ನುವುದಿಲ್ಲ, ಮೂತ್ರ ಕುಡಿಯುವುದಿಲ್ಲ, ತಲೆಕೆಳಗಾಗಿ ನಡೆಯುವುದಿಲ್ಲ. ಬದುಕಿದ್ದಾಗ ಹೊಟ್ಟೆ ತುಂಬ ಉಂಡ ಅಧಿಕಾರಿಗಳೇ ಇದನ್ನು ಬರೆಸಿಕೊಂಡು ಹೋಗಿದ್ದಾರೆ ಅಂದರೆ ಎಂಥ ಭಯ ಇರಬೇಕು, ಅಲ್ವಾ?

ರಾಜರ ಪ್ಯಾಕೇಜ್ ನೋಡಲು ಭರ್ಜರಿ. ತೂತನ್‌ಖಾಮನ್ ಸಮಾಧಿಯಲ್ಲಿ ಮಾಂಸ ತುಂಬಿದ 48 ಮರದ ಪೆಟ್ಟಿಗೆ ಇದ್ದವು. ಮೊಟ್ಟೆಯಾಕಾರ, ಹೊರಗೆ ಬಿಳಿ ಬಣ್ಣ, ಮಂಚದ ಕೆಳಗೆ ಒಂದರ ಮೇಲೊಂದು ಪೇರಿಸಿಟ್ಟಿದ್ದು. 1922ರಲ್ಲಿ ಬಾಗಿಲು ತೆರೆದಾಗ ಎಲ್ಲ ಅಲ್ಲೇ ಇತ್ತು, 3,200 ವರ್ಷ ಕಳೆದರೂ ಗ್ರಾಹಕ ಕೈಯೇ ಹಚ್ಚಿಲ್ಲ! (ಕಾ ಸತ್ವ ಮಾತ್ರ ತೆಗೆದುಕೊಳ್ಳುತ್ತದೆ ಅನ್ನುವುದು ಅವರ ಸಮಜಾಯಿಷಿ.)

ನನಗೆ ಜಾಸ್ತಿ ಹಿಡಿಸಿದ್ದು ಒಪ್ಪಂದದ ಪ್ಯಾಕೇಜ್. ಅಸ್ಯೂತ್‌ನ ಪ್ರಾಂತಾಧಿಕಾರಿ ಜೆಫಾಯ್‌ಹಾಪಿ ಅಂತ ಒಬ್ಬ, ರಾಜ ಒಂದನೇ ಸೆನುಸ್ರೆತ್ ಕಾಲದವನು. ಪುರೋಹಿತರು ಮತ್ತಿತರರ ಜೊತೆ 10 ಒಪ್ಪಂದ ಮಾಡಿಕೊಂಡು ಅಷ್ಟನ್ನೂ ಸಮಾಧಿಯ ಗೋಡೆಗೆ ಕೆತ್ತಿಸಿದ. ಯಾವ ಹಬ್ಬಕ್ಕೆ ತನ್ನ ಪ್ರತಿಮೆಗೆ ಎಷ್ಟು ಬಿಳಿ ರೊಟ್ಟಿ, ಎಷ್ಟು ಬಿಯರ್, ದೀಪಕ್ಕೆ ಬತ್ತಿ ಯಾರು ಕೊಡಬೇಕು, ಎಲ್ಲ ಪಕ್ಕಾ. ಕೂಲಿಯ ಲೆಕ್ಕ ಇನ್ನೂ ಚೆನ್ನ: ದೇವಸ್ಥಾನದ ವರ್ಷದ ಆದಾಯದಲ್ಲಿ 360ರಲ್ಲಿ ಒಂದು ಪಾಲು ಅಂದರೆ ಒಂದು 'ದೇವಸ್ಥಾನದ ದಿನ'. ತನಗೆ ಬರಬೇಕಾದ ಅಂಥ ದಿನಗಳನ್ನೇ ಅವನು ಪುರೋಹಿತರಿಗೆ ಬಿಟ್ಟುಕೊಟ್ಟ. ಸಮಾಧಿಯ ಸೇವೆ ನೋಡಿಕೊಳ್ಳುವ ಕಾ-ಪುರೋಹಿತನಿಗೆ ಬೇರೆ ಹೊಲ, ದನ, ಆಳು. ಇದನ್ನು ಮಕ್ಕಳಿಗೆಲ್ಲ ಹಂಚಬೇಡ, ಒಬ್ಬನಿಗೇ ಕೊಡು ಅನ್ನುವ ಷರತ್ತೂ ಉಂಟು. ಪಾಲಾದರೆ ಸೇವೆ ಮೂಲೆ ಸೇರುತ್ತದೆ ಅಂತ ಅವನಿಗೆ ಗೊತ್ತಿತ್ತು.

ತೊಂದರೆ ಇರುವುದೂ ಅಲ್ಲೇ. ನೈವೇದ್ಯ ಇಟ್ಟಾದ ಮೇಲೆ ಉಣ್ಣುವವರು ಪುರೋಹಿತರೇ, ಸರಿ, ಅದು ಅವರ ಸಂಬಳ. ಆದರೆ ನಾಲ್ಕು ತಲೆಮಾರು ಕಳೆದ ಮೇಲೆ ಯಾರು ಬರುತ್ತಾರೆ? ದೂರು ಕೊಡಲು ನೀವು ಇರುವುದಿಲ್ಲ.

ಹಾಗಾಗಿ ಬ್ಯಾಕಪ್. ಗೋಡೆ ಮೇಲಿನ ಊಟದ ಚಿತ್ರವೇ ಊಟವಾಗುತ್ತದೆ. ದಾರಿಹೋಕರು "ಸಾವಿರ ರೊಟ್ಟಿ, ಸಾವಿರ ಬಿಯರ್, ಸಾವಿರ ಎತ್ತು, ಸಾವಿರ ಹಕ್ಕಿ" ಅಂತ ಬಾಯಲ್ಲಿ ಹೇಳಿದರೂ ಸಾಕು, ನಿಮಗೆ ತಲುಪುತ್ತದೆ. ನಿಮ್ಮ ಗಂಟೇನೂ ಹೋಗುವುದಿಲ್ಲ, ಬರೀ ಬಾಯಿಮಾತು ಅಂತ ಸಮಾಧಿಯ ಬರಹಗಳೇ ಅವರನ್ನು ಪುಸಲಾಯಿಸುತ್ತವೆ. ಈ ಒಂದು ಐಡಿಯಾಕ್ಕೆ ಎರಡು ಸ್ಟಾರ್.

ಜೊಂಡಿನ ಬಯಲು ಅನ್ನುವ ಸ್ವರ್ಗದ ಜಾಹೀರಾತನ್ನು ಪೂರ್ತಿ ನಂಬಬೇಡಿ. ಗೋಧಿ ಏಳು ಮೊಳ ಬೆಳೆಯುತ್ತದೆ, ನಿಜ, ಆದರೆ ಉಳುವವರು ನೀವೇ. ಕೈಲಾಗದಿದ್ದರೆ ನಿಮ್ಮ ಬದಲು ದುಡಿಯುವ ಶಬ್ತಿ ಗೊಂಬೆಗಳನ್ನು ಕೊಳ್ಳಬೇಕು, ಅದು ಎಕ್ಸ್‌ಟ್ರಾ ಖರ್ಚು.

ದುಡ್ಡು ಕಡಿಮೆ ಇದ್ದರೆ ಮಾಂಸದ ಪೆಟ್ಟಿಗೆ ಬಿಡಿ. ಅಬೈಡೋಸ್ ಊರಿನಲ್ಲಿ ಸತ್ತವರ ದೇವರಾದ ಒಸೈರಿಸ್‌ನ ಮೆರವಣಿಗೆ ಹೋಗುವ ದಾರಿಯ ಹತ್ತಿರ ಹೆಸರು ಕೆತ್ತಿದ ಒಂದು ಕಲ್ಲು ನಿಲ್ಲಿಸಿ. ಓದಲು ಬರುವವರು ಕಡಿಮೆ, ಆದರೆ ಪುರೋಹಿತರು, ಗುಮಾಸ್ತರು ಹಬ್ಬಕ್ಕೆ ಆ ಕಡೆ ಬಂದೇ ಬರುತ್ತಾರೆ.