ಕೆಯು ಲ್ಯೂವೆನ್‌ನಲ್ಲಿ ಎರಡು ವರ್ಷ: ಪಾಠ ಇಂಗ್ಲಿಷು, ಊರು ಡಚ್ಚು

ಬೆಲ್ಜಿಯಂನಲ್ಲಿ ಡಚ್ ಮಾತಾಡುವ ಊರು ಲ್ಯೂವೆನ್. ಅಲ್ಲಿನ ಕೆಯು ಲ್ಯೂವೆನ್, ಅಂದರೆ ಕ್ಯಾಥೊಲಿಕ್ ಯೂನಿವರ್ಸಿಟಿಯಲ್ಲಿ ಮಾಸ್ಟರ್ಸ್ ಮುಗಿಸಿದೆ. ಮೊದಲು ಎಲ್ಲರೂ ಕೇಳುವ ಪ್ರಶ್ನೆ: ಕ್ಯಾಥೊಲಿಕ್ ಯೂನಿವರ್ಸಿಟಿ ಅಂದ್ರೆ ಚರ್ಚಿಗೆ ಹೋಗಲೇಬೇಕಾ? ಬೇಡ. 1425ರಲ್ಲಿ ಪೋಪ್ ಐದನೇ ಮಾರ್ಟಿನ್ ಅಪ್ಪಣೆಯಿಂದ ಶುರುವಾಗಿದ್ದು ನಿಜ, ಬಿಗ್ ಬ್ಯಾಂಗ್ ವಿಚಾರ ಮುಂದಿಟ್ಟ ಜಾರ್ಜ್ ಲೆಮೆತ್ರ್ ಇಲ್ಲಿ ಪಾಠ ಮಾಡಿದ ಪಾದ್ರಿಯೇ, ಆದರೆ ನನ್ನ ಧರ್ಮ ಯಾವುದು ಅಂತ ಎರಡು ವರ್ಷದಲ್ಲಿ ಒಬ್ಬರೂ ಕೇಳಲಿಲ್ಲ. ಡಚ್ ಬರುತ್ತಾ ಅಂತ ಮಾತ್ರ ಕೇಳ್ತಾನೇ ಇದ್ದರು.

ಓದಿನ ವಿಷಯಕ್ಕೆ ಪೂರ್ತಿ ಮಾರ್ಕ್ಸ್. ಕೆಲವು ಪರೀಕ್ಷೆ ಬಾಯಲ್ಲಿ ಹೇಳುವಂಥದ್ದು. ಪ್ರಶ್ನೆ ಕೊಟ್ಟು ಸ್ವಲ್ಪ ಹೊತ್ತು ಬರೆದುಕೊಳ್ಳಲು ಬಿಡುತ್ತಾರೆ, ಆಮೇಲೆ ಪ್ರೊಫೆಸರ್ ಎದುರು ಕೂರಬೇಕು, ಅವರು ಮೂರು ಸಲ 'ಯಾಕೆ' ಅನ್ನುವಷ್ಟರಲ್ಲಿ ಉರು ಹೊಡೆದದ್ದೆಲ್ಲ ಖಾಲಿ. ಪಾಸಾಗಲು 20ಕ್ಕೆ 10 ಸಾಕು. ನನಗೆ 14 ಬಂದಾಗ ಮನೆಗೆ ಹೇಳಲು ನಾಚಿಕೆಯಾಯಿತು. ಒಟ್ಟು ಶೇ. 68 ಬಂದರೇ ಇಲ್ಲಿ 'ಕುಮ್ ಲೌಡೆ', ಅಂದರೆ ನಮ್ಮ ಡಿಸ್ಟಿಂಕ್ಷನ್ ಥರದ್ದು, ಅಂತ ಗೊತ್ತಾಗಿದ್ದು ಆಮೇಲೆ!

ಪರೀಕ್ಷೆಗೆ ಮುಂಚಿನ ಓದಿನ ವಾರಗಳಿಗೆ 'ಬ್ಲಾಕ್' ಅನ್ನುತ್ತಾರೆ. ಆಗ ಲಾಡ್ಯೂಜ್‌ಪ್ಲೈನ್ ಅನ್ನುವ ಚೌಕದಲ್ಲಿರುವ ಯೂನಿವರ್ಸಿಟಿಯ ದೊಡ್ಡ ಲೈಬ್ರರಿಯಲ್ಲಿ ಸೀಟು ಸಿಗುವುದೇ ಕಷ್ಟ. 1914ರಲ್ಲಿ ಜರ್ಮನ್ ಸೈನಿಕರು ಊರಿನ ಹಳೇ ಲೈಬ್ರರಿ ಸುಟ್ಟರು, ಅಮೆರಿಕದವರ ದುಡ್ಡಲ್ಲಿ ಎದ್ದ ಈ ಹೊಸದೂ 1940ರಲ್ಲಿ ಸುಟ್ಟುಹೋಯಿತು. ಅಷ್ಟು ಸಾಲದು ಅಂತ 1968ರಲ್ಲಿ ದೇಶದೊಳಗಿನ ಡಚ್ ಮಾತಾಡುವವರು–ಫ್ರೆಂಚ್ ಮಾತಾಡುವವರ ಜಗಳದಿಂದ ಯೂನಿವರ್ಸಿಟಿಯೇ ಎರಡಾಯಿತು. ಫ್ರೆಂಚಿನವರು ಹೊಸದಾಗಿ ಲುವೆನ್-ಲಾ-ನವ್ ಅಂತ ಊರೇ ಕಟ್ಟಿಕೊಂಡರು. ಪುಸ್ತಕಗಳನ್ನೂ ಪಾಲು ಮಾಡಿದರು, ಬೆಸ ನಂಬರಿನವು ಒಬ್ಬರಿಗೆ, ಸಮ ನಂಬರಿನವು ಇನ್ನೊಬ್ಬರಿಗೆ. ಅಣ್ಣತಮ್ಮಂದಿರು ಪಾತ್ರೆ ಹಂಚಿಕೊಂಡ ಹಾಗೆ. ಭಾಷೆಗೋಸ್ಕರ ಇಷ್ಟೆಲ್ಲ ಮಾಡಿದ ಊರಲ್ಲಿ ಬರೀ ಇಂಗ್ಲಿಷ್ ಇಟ್ಟುಕೊಂಡು ಎರಡು ವರ್ಷ ತಳ್ಳುತ್ತೇನೆ ಅಂದುಕೊಂಡಿದ್ದು ನನ್ನ ದಡ್ಡತನ.

ಅಂಗಡಿ, ಬ್ಯಾಂಕಿನಲ್ಲಿ ಇಂಗ್ಲಿಷ್ ನಡೆಯುತ್ತದೆ. ತೊಂದರೆ ಆಗುವುದು ಕಾಗದಪತ್ರದಲ್ಲಿ. ಸ್ಟೂಡೆಂಟ್ ರೂಮಿಗೆ ಇಲ್ಲಿ 'ಕಾಟ್' ಅನ್ನುತ್ತಾರೆ. ಯುನೆಸ್ಕೊ ಪಟ್ಟಿಯಲ್ಲಿರುವ ಗ್ರೋಟ್ ಬೆಗೈನ್‌ಹೋಫ್ ಅನ್ನುವ ಹಳೇ ಕೇರಿಯಲ್ಲೂ ಯೂನಿವರ್ಸಿಟಿಯವರ ರೂಮುಗಳಿವೆ, ಇಟ್ಟಿಗೆ ಮನೆ, ಕಲ್ಲು ಹಾಸಿದ ಓಣಿ, ನೋಡಿದರೆ ಹೊಟ್ಟೆ ಉರಿಯುತ್ತದೆ. ನನಗೆ ಸಿಗಲಿಲ್ಲ. ಸಿಕ್ಕಿದ್ದು ಖಾಸಗಿಯವರ ರೂಮು, ಡಚ್‌ನಲ್ಲಿದ್ದ ಕಾಂಟ್ರಾಕ್ಟ್‌ಗೆ ಸುಮ್ನೆ ಸಹಿ ಹಾಕಿದೆ, ಬಿಡುವಾಗ ಮಾಲೀಕರು ಕ್ಲೀನಿಂಗ್ ಅಂತ ಡೆಪಾಸಿಟ್‌ನಲ್ಲಿ ಒಂದು ಪಾಲು ಹಿಡಿದುಕೊಂಡರು. ಕೇಳಿದರೆ ಸಾಲಿಗೆ ಬೆರಳಿಟ್ಟು ತೋರಿಸಿದರು. ಬರೆದಿತ್ತು, ಓದಲು ಬರುತ್ತಿರಲಿಲ್ಲ.

ಶುಕ್ರವಾರ ಸಂಜೆ ಇನ್ನೊಂದು ಕಥೆ. ಇಲ್ಲಿನ ಹುಡುಗರೆಲ್ಲ ಸೂಟ್‌ಕೇಸ್ ಎಳೆದುಕೊಂಡು ಸ್ಟೇಷನ್‌ಗೆ ಹೋಗುತ್ತಾರೆ, ವಾರದ ಬಟ್ಟೆ ಅಮ್ಮನ ಮನೆಯಲ್ಲಿ ಒಗೆಯಲು. ಭಾನುವಾರ ರಾತ್ರಿವರೆಗೆ ಉಳಿಯುವುದು ನಮ್ಮಂಥ ಹೊರದೇಶದವರು, ಜೊತೆಗೆ ಮಳೆ. ಮೊದಲ ವರ್ಷ ಇದು ತುಂಬಾ ಕಾಡಿತು. ಎರಡನೇ ವರ್ಷ ಯೂನಿವರ್ಸಿಟಿಯದೇ ಐಎಲ್‌ಟಿ ಭಾಷಾ ಸಂಸ್ಥೆಯಲ್ಲಿ ಡಚ್ ಕ್ಲಾಸ್ ಸೇರಿದೆ. ಮೊದಲ ದಿನವೇ ಸೇರಬೇಕಿತ್ತು.

ಮೊನ್ನೆ ಹೊಸದಾಗಿ ಬಂದ ಹುಡುಗಿಯೊಬ್ಬಳಿಗೆ ರೂಮಿನ ಕಾಂಟ್ರಾಕ್ಟ್ ನಾನೇ ಓದಿ ಹೇಳಿದೆ. ಆ ಕ್ಲೀನಿಂಗ್ ಸಾಲು ಅದರಲ್ಲೂ ಇತ್ತು.