ಹಸಿರು ಎಳೆ ಹೇಳುವುದೆಷ್ಟು, ಹೇಳದಿರುವುದೆಷ್ಟು: ಅಂಬಾಸಿಡರ್ ಇಂಜಿನ್ನಿನ ಬೇರಿಂಗ್‌ಗಳಿಗೆ ಪ್ಲಾಸ್ಟಿಗೇಜ್

ಹಳೆಯ ಇಂಜಿನ್ ಬಿಚ್ಚಿದವರ ಮುಂದೆ ಬರುವ ಮೊದಲ ದೊಡ್ಡ ಖರ್ಚಿನ ಪ್ರಶ್ನೆ, ಪಿಸ್ಟನ್ನುಗಳ ಓಡಾಟವನ್ನು ತಿರುಗುವ ಚಲನೆಯಾಗಿ ಬದಲಿಸುವ ಕ್ರ್ಯಾಂಕ್ ಶಾಫ್ಟಿನದು. ಅದನ್ನು ಅರೆದು ಸರಿಪಡಿಸುವ ಗ್ರೈಂಡಿಂಗ್‌ಗೆ ಕೊಡಬೇಕೋ, ಬೇರಿಂಗಿನ ಅರೆವೃತ್ತದ ಒಳಪಟ್ಟಿಗಳಾದ ಶೆಲ್‌ಗಳನ್ನು ಹೊಸದಾಗಿ ಹಾಕಿ ಮುಚ್ಚಿದರೆ ಸಾಕೋ ಎಂಬುದು ಶಾಫ್ಟಿಗೂ ಶೆಲ್ಲಿಗೂ ನಡುವಿನ ಸಂದಿನಲ್ಲಿ ಒಂದೆರಡು ಥೌ, ಅಂದರೆ ಇಂಚಿನ ಸಾವಿರದಲ್ಲಿ ಒಂದೆರಡು ಭಾಗದಷ್ಟು ವ್ಯತ್ಯಾಸದ ಮೇಲೆ ನಿಂತಿರುತ್ತದೆ. ಆ ವ್ಯತ್ಯಾಸವನ್ನು ದುಬಾರಿ ಬೋರ್ ಗೇಜ್ ಇಲ್ಲದೆ ಮನೆಯಂಗಳದಲ್ಲೇ ಅಳೆಯಲು ಅನುವಾಗುವ ಸಾಮಗ್ರಿ ಪ್ಲಾಸ್ಟಿಗೇಜ್. ಶಾವಿಗೆಗಿಂತಲೂ ತೆಳುವಾದ, ಒತ್ತಿದರೆ ಚಪ್ಪಟೆಯಾಗುವ ಪ್ಲಾಸ್ಟಿಕ್ ಎಳೆಯನ್ನು ಕಾಗದದ ಲಕೋಟೆಯಲ್ಲಿಟ್ಟು ಮಾರುತ್ತಾರೆ. ಲಕೋಟೆಯ ಮೇಲೆಯೇ ಅಳತೆಪಟ್ಟಿ ಅಚ್ಚಾಗಿರುತ್ತದೆ. ಹಿಂದೂಸ್ತಾನ್ ಅಂಬಾಸಿಡರ್‌ನ 1489 ಸಿಸಿ ಪೆಟ್ರೋಲ್ ಇಂಜಿನ್ನಿಗೆ ಇದನ್ನು ಬಳಸಿ ನೋಡಿದ ಮೇಲಿನ ಅಭಿಪ್ರಾಯ ಇಲ್ಲಿದೆ.

ಈ ಇಂಜಿನ್ ಬ್ರಿಟಿಷ್ ಮೋಟಾರ್ ಕಾರ್ಪೊರೇಷನ್ನಿನ ಬಿ-ಸರಣಿಯದು; ಅಲ್ಲಿಯ ಎಂಜಿಎ ಕಾರಿನಲ್ಲಿಯೂ ಇದೇ 1489 ಸಿಸಿ ಇಂಜಿನ್ ಇತ್ತು. ನಾಲ್ಕು ಸಿಲಿಂಡರುಗಳ ಕ್ರ್ಯಾಂಕನ್ನು ಹೊರುವುದಕ್ಕೆ ಇದರಲ್ಲಿ ಮೂರೇ ಮೇನ್ ಬೇರಿಂಗ್‌ಗಳಿವೆ. ಮೇನ್ ಜರ್ನಲ್‌ನ (ಆ ಬೇರಿಂಗಿನೊಳಗೆ ತಿರುಗುವ ಶಾಫ್ಟಿನ ಭಾಗದ) ವ್ಯಾಸ 2 ಇಂಚು. ವ್ಯಾಸದ ಪ್ರತಿ ಇಂಚಿಗೆ ಸುಮಾರು ಒಂದು ಥೌ ಸಂದು ಎಂಬ ಹಳೆಯ ಲೆಕ್ಕ ಹಿಡಿದರೆ ಇಲ್ಲಿ ಎರಡು ಥೌ ಆಸುಪಾಸು ಇರಬೇಕು, ಪಿಸ್ಟನ್ನಿನ ಕನೆಕ್ಟಿಂಗ್ ರಾಡು ಕ್ರ್ಯಾಂಕನ್ನು ಹಿಡಿಯುವ ದೊಡ್ಡ ತುದಿಯಾದ ಬಿಗ್ ಎಂಡ್‌ನಲ್ಲಿ ಅದಕ್ಕಿಂತ ಕೊಂಚ ಕಡಿಮೆ. ಪ್ಲಾಸ್ಟಿಗೇಜ್‌ನ ಹಸಿರು ಎಳೆ 1ರಿಂದ 3 ಥೌವರೆಗೆ, ಕೆಂಪು 2ರಿಂದ 6ರವರೆಗೆ, ನೀಲಿ 4ರಿಂದ 9ರವರೆಗೆ ಅಳೆಯುತ್ತದೆ. ಆದ್ದರಿಂದ ಕಾರಿನ ಇಂಜಿನ್ನಿಗೆ ಬೇಕಾದದ್ದು ಹಸಿರು. ನೀಲಿ ಎಳೆ ಬೇಕಾಗುವಷ್ಟು ಸಂದು ಬಿದ್ದ ಕ್ರ್ಯಾಂಕಿಗೆ ಎಳೆಯ ಅಗತ್ಯವೇ ಇಲ್ಲ, ಕೈಯಲ್ಲಿ ಹಿಡಿದು ಅಲುಗಿಸಿದರೆ ಗೊತ್ತಾಗುತ್ತದೆ.

ಬಳಸುವ ಕ್ರಮ ಸುಲಭ, ಆದರೆ ಅವಸರಕ್ಕೆ ಒಗ್ಗುವುದಿಲ್ಲ. ಜರ್ನಲ್ ಮತ್ತು ಶೆಲ್ ಎರಡರಲ್ಲೂ ಎಣ್ಣೆಯ ಪಸೆ ಉಳಿಯದಂತೆ ಒರೆಸಬೇಕು, ಏಕೆಂದರೆ ಈ ಎಳೆ ಎಣ್ಣೆಯಲ್ಲಿ ಕರಗುತ್ತದೆ. ಬೇರಿಂಗಿನ ಅಗಲದಷ್ಟೇ ತುಂಡು ಮಾಡಿ, ಶಾಫ್ಟಿನ ಉದ್ದಕ್ಕೆ ಸಮಾನಾಂತರವಾಗಿ ಜರ್ನಲ್ ಮೇಲೆ ಇಟ್ಟು, ಬೇರಿಂಗಿನ ಬಿಚ್ಚಬಹುದಾದ ಅರ್ಧವಾದ ಕ್ಯಾಪ್ ಕೂರಿಸಿ, ಕೈಪಿಡಿ ಹೇಳಿದ ಟಾರ್ಕ್‌ಗೆ (ತಿರುಚುವ ಬಲಕ್ಕೆ) ಬೋಲ್ಟುಗಳನ್ನು ಸಮವಾಗಿ ಬಿಗಿಯಬೇಕು. ಬಿಗಿದ ಮೇಲೆ ಕ್ರ್ಯಾಂಕ್ ಒಂದು ಕೂದಲಷ್ಟೂ ತಿರುಗಬಾರದು. ತಿರುಗಿದರೆ ಎಳೆ ಹರಡಿಕೊಂಡು ಓದು ಕೆಡುತ್ತದೆ. ಈ ಇಂಜಿನ್ನಿನ ಕನೆಕ್ಟಿಂಗ್ ರಾಡಿನ ದೊಡ್ಡ ತುದಿ ಓರೆಯಾಗಿ ಸೀಳಿದ್ದು, ಬೋಲ್ಟು ಬಿಗಿಯುವಾಗ ಸ್ಪ್ಯಾನರಿನ ಎಳೆತಕ್ಕೆ ರಾಡ್ ಜೊತೆಗೇ ಸರಿಯುತ್ತದೆ, ಹೀಗಾಗಿ ರಾಡನ್ನು ಹಿಡಿದುಕೊಳ್ಳಲು ಇನ್ನೊಬ್ಬರಿದ್ದರೆ ಒಳ್ಳೆಯದು. ಮತ್ತೆ ಕ್ಯಾಪ್ ತೆಗೆದಾಗ ಚಪ್ಪಟೆಯಾದ ಎಳೆಯ ಅಗಲವನ್ನು ಲಕೋಟೆಯ ಪಟ್ಟಿಗೆ ಹೋಲಿಸಿ ಓದಬೇಕು. ಎಳೆ ಅಗಲವಾದಷ್ಟೂ ಸಂದು ಕಡಿಮೆ. ಒಂದು ತುದಿ ಅಗಲ, ಇನ್ನೊಂದು ತುದಿ ಕಿರಿದು ಎಂದಾದರೆ ಜರ್ನಲ್ ಒಂದು ಕಡೆಗೆ ಇಳಿಜಾರಾಗಿ ಸವೆದಿದೆ ಎಂದರ್ಥ. ಅಂಟಿಕೊಂಡ ಎಳೆಯನ್ನು ಉಗುರಿನಿಂದಲೋ ಬ್ಲೇಡಿನಿಂದಲೋ ಕೆರೆಯದೆ ಎಣ್ಣೆ ಬಟ್ಟೆಯಲ್ಲಿ ಒರೆಸಿ ತೆಗೆಯಬೇಕು.

ಇಂಜಿನ್ ಕಾರಿನಲ್ಲೇ ಇರುವಾಗ ಚೇಂಬರ್ (ಅಡಿಯ ಎಣ್ಣೆ ತೊಟ್ಟಿ) ಮಾತ್ರ ಬಿಚ್ಚಿ ಮೇನ್ ಬೇರಿಂಗ್ ಅಳೆಯಹೊರಡುವವರು ಒಂದು ವಿಷಯ ಗಮನಿಸಬೇಕು. ಕ್ರ್ಯಾಂಕ್ ತನ್ನ ತೂಕಕ್ಕೆ ಕೆಳಗಿನ ಕ್ಯಾಪಿನ ಮೇಲೆ ಕೂರುವುದರಿಂದ ಸಂದು ಮೇಲ್ಭಾಗಕ್ಕೆ ಹೋಗಿರುತ್ತದೆ, ಕ್ಯಾಪಿನಲ್ಲಿಟ್ಟ ಎಳೆ ಬೇರಿಂಗ್ ಬಿಗಿಯಾಗಿದೆ ಎಂದು ಸುಳ್ಳು ಹೇಳುತ್ತದೆ. ಜಾಕ್ ಕೊಟ್ಟು ಕ್ರ್ಯಾಂಕನ್ನು ಮೇಲಕ್ಕೆ ಒತ್ತಿ ಹಿಡಿಯದ ಹೊರತು ಆ ಅಂಕಿಗೆ ಬೆಲೆಯಿಲ್ಲ. ಬ್ಲಾಕನ್ನು ತಲೆಕೆಳಗಾಗಿಸಿ ಸ್ಟ್ಯಾಂಡಿನ ಮೇಲಿಟ್ಟುಕೊಂಡರೆ ಈ ತೊಂದರೆ ಇರುವುದಿಲ್ಲ.

ಇನ್ನು ಈ ಸಾಮಗ್ರಿಯ ಮಿತಿ. ಎಳೆ ಅಳೆಯುವುದು ತಾನಿರುವ ಒಂದು ಗೆರೆಯನ್ನು ಮಾತ್ರ. ಜರ್ನಲ್ ಅಂಡಾಕಾರವಾಗಿ ಸವೆದಿದ್ದರೆ ಒಂದು ಕಡೆ ಎರಡು ಥೌ ತೋರಿಸಿದ್ದು ಕಾಲು ಸುತ್ತು ತಿರುಗಿಸಿದ ಮೇಲೆ ಮೂರೂವರೆ ಆಗಿರಬಹುದು, ಅದು ಹಸಿರು ಎಳೆಯ ವ್ಯಾಪ್ತಿಗೇ ಸಿಗದು. ಶೆಲ್‌ಗಳು ಸಾಮಾನ್ಯವಾಗಿ ನಡುವೆ ದಪ್ಪ, ಸೀಳಿನ ಅಂಚಿನತ್ತ ತೆಳು ಇರುವುದರಿಂದ ಅಂಚಿನ ಬಳಿ ಇಟ್ಟ ಎಳೆ ಇಲ್ಲದ ಸವಕಳಿಯನ್ನು ತೋರಿಸುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಸಂದು ಹೆಚ್ಚಾಗಿದೆ ಎಂದು ಎಳೆ ಹೇಳಬಲ್ಲದು, ಸವೆದದ್ದು ಜರ್ನಲ್ಲೋ ಶೆಲ್ಲೋ ಎಂದು ಹೇಳಲಾರದು. ಆ ಉತ್ತರಕ್ಕೆ ಮೈಕ್ರೋಮೀಟರ್ ಹಿಡಿದು ಪ್ರತಿ ಜರ್ನಲನ್ನು ಎರಡು ದಿಕ್ಕಿನಲ್ಲಿ ಅಳೆಯಲೇಬೇಕು.

ಸವೆದದ್ದೇಕೆ ಎಂಬುದನ್ನು ಬಿಚ್ಚಿದ ಶೆಲ್‌ಗಳೇ ಹೇಳುತ್ತವೆ. ಮೂರು ಪದರದ ಶೆಲ್ಲಿನಲ್ಲಿ ಉಕ್ಕಿನ ಬೆನ್ನು, ಅದರ ಮೇಲೆ ತಾಮ್ರ ಮತ್ತು ಸೀಸದ ಪದರ, ಎಲ್ಲಕ್ಕೂ ಮೇಲೆ ಬಲು ತೆಳುವಾದ ಬೂದು ಲೇಪ ಇರುತ್ತದೆ. ಬೂದು ಹೋಗಿ ತಾಮ್ರದ ಕೆಂಪು ಕಾಣುತ್ತಿದ್ದರೆ ಆ ಶೆಲ್ಲಿನ ಆಯುಸ್ಸು ಮುಗಿದಿದೆ, ಎಳೆ ಏನೇ ಹೇಳಲಿ. ಸಿಲಿಂಡರಿನ ಸ್ಫೋಟ ಕೆಳಮುಖವಾಗಿ ತಳ್ಳುವುದರಿಂದ ಬಿಗ್ ಎಂಡ್‌ನಲ್ಲಿ ರಾಡಿನ ಕಡೆಯ ಶೆಲ್ಲೂ ಮೇನ್ ಬೇರಿಂಗಿನಲ್ಲಿ ಕ್ಯಾಪಿನ ಶೆಲ್ಲೂ ಹೆಚ್ಚು ಸವೆಯುವುದು ಸಹಜ. ಆದರೆ ಒಂದೇ ಅಂಚು ಸವೆದಿದ್ದರೆ ರಾಡ್ ಬಾಗಿರುವುದನ್ನೋ ಜರ್ನಲ್ ಇಳಿಜಾರಾಗಿರುವುದನ್ನೋ ಶಂಕಿಸಬೇಕು. ಸುತ್ತಲೂ ಗೀರುಗಳಿದ್ದರೆ ಎಣ್ಣೆಯಲ್ಲಿ ಕಸ ಬಂದಿದೆ. ಶೆಲ್ಲಿನ ಬೆನ್ನಿನಲ್ಲಿ ಹೊಳೆಯುವ ಕಲೆಯಿದ್ದರೆ ಅದು ತನ್ನ ಗೂಡಿನಲ್ಲಿ ಅಲುಗಾಡಿದೆ. ಸಂದು ಕಡಿಮೆ ಮಾಡಲೆಂದು ಕ್ಯಾಪಿನ ಅಂಚನ್ನೇ ಉಜ್ಜಿಬಿಡುವ ಕೆಟ್ಟ ರೂಢಿ ಕೆಲವೆಡೆ ಇನ್ನೂ ಇರುವುದರಿಂದ ಕ್ಯಾಪನ್ನೂ ಒಮ್ಮೆ ಪರೀಕ್ಷಿಸುವುದು ಒಳಿತು. ಬಿಚ್ಚುವುದಕ್ಕೆ ಮೊದಲು ಕಿವಿಗೆ ಬಿದ್ದ ಸದ್ದನ್ನೂ ಇದರೊಂದಿಗೆ ಸೇರಿಸಿಕೊಳ್ಳಬೇಕು: ಏರಿನಲ್ಲಿ ಭಾರ ಎಳೆಯುವಾಗ ಆಳದಿಂದ ಬರುವ ಗುದ್ದು ಮೇನ್ ಬೇರಿಂಗಿನದು, ಒಂದು ಪ್ಲಗ್ಗಿನ ತಂತಿ ತೆಗೆದೊಡನೆ ತಗ್ಗುವ ಟಕಟಕ ಆ ಸಿಲಿಂಡರಿನ ಬಿಗ್ ಎಂಡ್‌ನದು.

ಹಾಗಿದ್ದರೆ ಈ ಎಳೆಗೆ ದುಡ್ಡು ಕೊಡುವುದೇಕೆ? ರೋಗನಿರ್ಣಯಕ್ಕಿಂತ ಹೆಚ್ಚಾಗಿ, ಜೋಡಿಸುವ ಹೊತ್ತಿನ ಪರೀಕ್ಷೆಗೆ ಎಂಬುದು ನನ್ನ ಉತ್ತರ. ಗ್ರೈಂಡಿಂಗ್ ಮುಗಿಸಿ ಬಂದ ಕ್ರ್ಯಾಂಕಿಗೆ ಜರ್ನಲ್ ಅರೆದು ಸಣ್ಣದಾದಷ್ಟಕ್ಕೆ ಹೊಂದುವ, 10, 20, 30 ಅಥವಾ 40 ಥೌ ಅಂಡರ್‌ಸೈಜ್ ಶೆಲ್‌ಗಳನ್ನು ಹಾಕುತ್ತೇವೆ. ಬೆಂಗಳೂರಿನ ಜೆ.ಸಿ. ರಸ್ತೆಯಂಥ ಬಿಡಿಭಾಗಗಳ ಪೇಟೆಯಲ್ಲಿ ಹಳೆಯ ದಾಸ್ತಾನು ಕೊಳ್ಳುವಾಗ ಡಬ್ಬಿಯ ಮೇಲಿನ ಅಂಕಿಗೂ ಒಳಗಿನ ಶೆಲ್ಲಿನ ಬೆನ್ನಿನಲ್ಲಿರುವ ಅಂಕಿಗೂ ತಾಳೆಯಾಗುತ್ತದೆಯೇ ಎಂದು ನೋಡಿಕೊಳ್ಳುವುದು ಗಿರಾಕಿಯದೇ ಹೊಣೆ. 10 ಥೌ ಅರೆದ ಜರ್ನಲ್ಲಿಗೆ ಸ್ಟ್ಯಾಂಡರ್ಡ್ ಶೆಲ್ ಬಿದ್ದರೆ ಹಸಿರು ಎಳೆ ಚಪ್ಪಟೆಯಾಗದೆ ಇಟ್ಟಂತೆಯೇ ಉಳಿಯುತ್ತದೆ. ಗ್ರೈಂಡಿಂಗ್ ಲೆಕ್ಕ ತಪ್ಪಿ ಸಂದು ಒಂದು ಥೌಗಿಂತ ಕಡಿಮೆಯಾದರೆ ಎಳೆ ಪಟ್ಟಿಯ ಕೊನೆಯ ಗೆರೆಯನ್ನೂ ಮೀರಿ ಹರಡುತ್ತದೆ. ಜರ್ನಲ್, ಶೆಲ್, ಕ್ಯಾಪ್, ಟಾರ್ಕ್ ಎಲ್ಲವೂ ಕೂಡಿದ ಮೇಲಿನ ನಿಜವಾದ ಸಂದನ್ನು ಇಷ್ಟು ಕಡಿಮೆ ಖರ್ಚಿನಲ್ಲಿ ತೋರಿಸುವ ಬೇರೆ ಸಾಧನ ನನಗೆ ತಿಳಿದಿಲ್ಲ.

ಸುಮಾರು ಒಂದು ಅಡಿ ಉದ್ದದ ಒಂದು ಹಸಿರು ಎಳೆಯಲ್ಲಿ ಮೂರು ಮೇನ್ ಮತ್ತು ನಾಲ್ಕು ಬಿಗ್ ಎಂಡ್‌ಗಳ ಒಂದು ಸುತ್ತು ಮುಗಿಯುತ್ತದೆ; ಕಾಲು ಸುತ್ತು ತಿರುಗಿಸಿ ಮತ್ತೆ ನೋಡುವುದಕ್ಕೆ ಎರಡನೆಯದು ಬೇಕು. ಒಣಗಿ ಪುಡಿಪುಡಿಯಾಗುವ ಹಳೆಯ ದಾಸ್ತಾನು ಕೊಳ್ಳಬಾರದು. ಕ್ರ್ಯಾಂಕ್ ಹಿಂದೆಮುಂದೆ ಸರಿಯದಂತೆ ತಡೆಯುವ, ನಡುವಿನ ಮೇನ್ ಬೇರಿಂಗಿನ ಅಕ್ಕಪಕ್ಕದ ಥ್ರಸ್ಟ್ ವಾಷರುಗಳ ಸವಕಳಿಗೆ ಡಯಲ್ ಗೇಜೋ ಫೀಲರ್ ಗೇಜೋ ಬೇಕು. ಇಡೀ ಬಳೆಯಾಗಿ ಬ್ಲಾಕಿನೊಳಗೆ ಒತ್ತಿ ಕೂರಿಸಿದ, ವಾಲ್ವುಗಳನ್ನು ನಡೆಸುವ ಕ್ಯಾಮ್ ಶಾಫ್ಟ್ ಬೇರಿಂಗ್‌ಗಳಿಗೆ ಬಿಚ್ಚುವ ಕ್ಯಾಪ್ ಇಲ್ಲದ ಕಾರಣ ಅಲ್ಲಿ ಈ ಎಳೆ ಕೆಲಸಕ್ಕೆ ಬರುವುದಿಲ್ಲ.