ಟೂರಿಂಗ್ ಬೈಕಿನ ರೇಡಿಯೊ ಬದಲಿಸುವವರು ಮೂಲ ಕಪ್ಲರ್ ಕತ್ತರಿಸಲು ಬಿಡಬೇಡಿ

ತುಮಕೂರಿನಲ್ಲಿರುವ ನನ್ನ 2016ರ ಹಾರ್ಲೆ-ಡೇವಿಡ್ಸನ್ ಸ್ಟ್ರೀಟ್ ಗ್ಲೈಡ್ ಸ್ಪೆಷಲ್ ಬೈಕಿಗೆ ಕಂಪನಿಯಿಂದಲೇ ಬಂದಿದ್ದ ರೇಡಿಯೊವನ್ನು ತೆಗೆಸಿ ಬೇರೊಂದು ಸೆಟ್ ಹಾಕಿಸಿದ್ದು ನಾನು ಕೈಯಾರೆ ತಂದುಕೊಂಡ ತೊಂದರೆ. ಹಳೆಯ ರೇಡಿಯೊದಲ್ಲಿ ಯಾವ ದೋಷವೂ ಇರಲಿಲ್ಲ. ಫೋನಿನ ನಕ್ಷೆ ದೊಡ್ಡ ಪರದೆಯ ಮೇಲೆ ಕಾಣಬೇಕು, ಶಿರಾ ಕಡೆಗಿನ ಹೆದ್ದಾರಿಯಲ್ಲಿ ವೇಗ ಏರಿದ ಮೇಲೂ ಹಾಡು ಸ್ಪಷ್ಟವಾಗಿ ಕೇಳಬೇಕು ಎಂಬ ಆಸೆಯಷ್ಟೇ ಇತ್ತು.

ಬೆಂಗಳೂರಿನ ಒಂದು ಕಾರ್ ಆಡಿಯೊ ಅಂಗಡಿಯವರು "ಕಾರಿಗೇ ಹಾಕ್ತೀವಿ, ಬೈಕಿಗೇನು ಸಾರ್, ಮಧ್ಯಾಹ್ನದೊಳಗೆ ಮುಗಿಯುತ್ತೆ" ಎಂದರು. ಹೇಳಿದಂತೆ ಮುಗಿಸಿಯೂ ಕೊಟ್ಟರು. ಹೊಂದುವ ಕಪ್ಲರ್, ಅಂದರೆ ಬೈಕಿನ ತಂತಿಗಳನ್ನು ರೇಡಿಯೊಗೆ ಸೇರಿಸುವ ಕೊಂಡಿ, ಅವರ ಬಳಿ ಇರಲಿಲ್ಲವಾದ್ದರಿಂದ ಮೂಲ ಕಪ್ಲರನ್ನೇ ಕತ್ತರಿಸಿ, ತಂತಿಗಳನ್ನು ಕೈಯಲ್ಲಿ ಹೊಸೆದು, ಮೇಲೆ ಟೇಪ್ ಸುತ್ತಿದ್ದರು ಎಂಬುದು ನನಗೆ ತಿಳಿದದ್ದು ಬಹಳ ತಡವಾಗಿ. ಅವರು ಫೇರಿಂಗ್ (ಬೈಕಿನ ಮುಂಭಾಗದ ಹೊದಿಕೆ) ಬಿಚ್ಚಿ ಕೆಲಸ ಮಾಡುತ್ತಿದ್ದಾಗ ನಾನು ಎದುರಿನ ಹೋಟೆಲಿನಲ್ಲಿ ಕಾಫಿ ಕುಡಿಯುತ್ತಿದ್ದೆ.

ಐದನೆಯ ದಿನ ಬೆಳಗ್ಗೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನಲು ಹೊರಟು ಸೆಲ್ಫ್ ಒತ್ತಿದರೆ ಟಕ್ ಟಕ್ ಎಂಬ ಸದ್ದು ಬಿಟ್ಟು ಬೇರೇನೂ ಇಲ್ಲ. ಮುನ್ನೂರೈವತ್ತು ಕಿಲೋ ಮೀರಿದ ಬೈಕನ್ನು ತಳ್ಳಿ ಸ್ಟಾರ್ಟ್ ಮಾಡುವ ಮಾತೇ ಇಲ್ಲ. ಇಂತಹ ಸೆಟ್ಟುಗಳಲ್ಲಿ ಹಳದಿ ತಂತಿ ನೆನಪಿನ ಸಂಗ್ರಹಕ್ಕಾಗಿ ಸದಾ ಬ್ಯಾಟರಿಗೆ ಸೇರಿರಬೇಕು, ಕೆಂಪು ತಂತಿಗೆ ಮಾತ್ರ ಇಗ್ನಿಷನ್ ಆನ್ ಆದಾಗ ವಿದ್ಯುತ್ ಬರಬೇಕು. ಅಂಗಡಿಯವರು ಎರಡನ್ನೂ ಒಟ್ಟಿಗೆ ಹೊಸೆದು ನೇರ ಬ್ಯಾಟರಿಗೆ ಕೊಟ್ಟಿದ್ದರಿಂದ, ಪರದೆ ಕಪ್ಪಾದರೂ ಸೆಟ್ ಪೂರ್ತಿ ನಿದ್ರಿಸುತ್ತಿರಲಿಲ್ಲ. ಆಮೇಲೆ ಅಳೆಸಿದಾಗ ನಿಂತ ಬೈಕಿನಲ್ಲಿ 300 ಮಿಲಿ ಆಂಪಿಯರ್ ಹರಿಯುತ್ತಿತ್ತು. 28 ಆಂಪಿಯರ್-ಅವರ್ ಬ್ಯಾಟರಿ ಆ ಲೆಕ್ಕದಲ್ಲಿ ನಾಲ್ಕು ದಿನಕ್ಕೆ ಬರಿದಾಗುತ್ತದೆ.

ಇದಕ್ಕಿಂತ ಗಂಭೀರವಾದದ್ದು ಬೇರೆ. 2014ರಿಂದ ಈಚಿನ ಹಾರ್ಲೆಯ ಟೂರಿಂಗ್ ಸರಣಿಯ ಬೈಕುಗಳಲ್ಲಿ ರೇಡಿಯೊ ತನ್ನಷ್ಟಕ್ಕೆ ತಾನಿರುವ ಡಬ್ಬಿಯಲ್ಲ. ಹೆಣೆದ ಎರಡು ತಂತಿಗಳ ಕ್ಯಾನ್ ಜಾಲದ ಮೂಲಕ ಅದು ಹ್ಯಾಂಡಲಿನ ಗುಂಡಿಗಳು ಮತ್ತು ಬೈಕಿನ ಇತರ ನಿಯಂತ್ರಣ ಘಟಕಗಳೊಡನೆ ಮಾತನಾಡುತ್ತದೆ. ಕಪ್ಲರ್ ಕತ್ತರಿಸಿದ ಕ್ಷಣದಿಂದ ಹ್ಯಾಂಡಲಿನಲ್ಲಿದ್ದ ಧ್ವನಿಯ ಗುಂಡಿ ಸತ್ತಿತು, ರೇಡಿಯೊದೊಡನೆ ಸಂಪರ್ಕ ತಪ್ಪಿದೆ ಎನ್ನುವ ಯು0184 ದೋಷಸಂಕೇತ ದಾಖಲಾಯಿತು. ಕ್ಯಾನ್ ಜಾಲದ ಆ ಎರಡು ತಂತಿಗಳ ತುದಿಗಳು ಬರಿಯ ಟೇಪಿನೊಳಗೆ ಅಕ್ಕಪಕ್ಕದಲ್ಲೇ ಇದ್ದವು. ಒಂದಕ್ಕೊಂದು ತಾಗಿದ್ದರೆ ಇಡೀ ಜಾಲವೇ ಸ್ತಬ್ಧವಾಗಬಹುದಿತ್ತು, ಅದೂ ದೇವರಾಯನದುರ್ಗದ ತಿರುವಿನಲ್ಲೇ ಆಗಬಹುದಿತ್ತು.

ಬಲಗಡೆಯ ಸ್ಪೀಕರ್ ಮೊದಲು ಗೊರಗೊರ ಎಂದು, ಎರಡನೆಯ ವಾರದಲ್ಲಿ ಪೂರ್ತಿ ಮೌನವಾಯಿತು. ಸ್ಪೀಕರಿನ ನೆಗೆಟಿವ್ ತಂತಿಯನ್ನು ಬಾಡಿ ಅರ್ತ್‌ಗೆ ಕೊಟ್ಟಿದ್ದೇ ಕಾರಣ. ಈಗಿನ ಸೆಟ್ಟುಗಳ ಆಂಪ್ಲಿಫೈಯರ್ ಸ್ಪೀಕರಿನ ಎರಡೂ ತಂತಿಗಳನ್ನು ಚಾಲಿಸುತ್ತದೆ. ಅವುಗಳಲ್ಲಿ ಯಾವುದೂ ಅರ್ತ್ ಅಲ್ಲ, ಒಂದನ್ನು ಬೈಕಿನ ಲೋಹದ ಚೌಕಟ್ಟಿಗೆ ಸೇರಿಸಿದರೆ ಆಂಪ್ಲಿಫೈಯರ್ ಚಿಪ್ ಸುಡುವ ಅಪಾಯವಿದೆ. ಪೆಟ್ಟಿಗೆಯ ಮೇಲೆ 4 × 50 ವಾಟ್ ಎಂದು ಅಚ್ಚಾಗಿತ್ತು. ಆದರೆ ಸೆಟ್ಟಿನ ಹಿಂದಿದ್ದದ್ದು 10 ಆಂಪಿಯರ್ ಫ್ಯೂಸ್. ಹದಿನಾಲ್ಕು ವೋಲ್ಟಿನಲ್ಲಿ ಅದು ಒಳಗೆ ಬಿಡುವುದೇ 140 ವಾಟ್, ಅದರಿಂದ ಸತತ 200 ವಾಟ್ ಹೊರಬರುವ ಜಾದೂ ಯಾರಿಗೂ ಗೊತ್ತಿಲ್ಲ.

ಇನ್ನೊಂದು ಸಣ್ಣ ಸಂಗತಿ. ನಮ್ಮ ತಂದೆಯವರಿಗೆ ಆಕಾಶವಾಣಿ ಬೆಂಗಳೂರು ಕೇಳಿಸೋಣವೆಂದರೆ 610 ಬರುತ್ತದೆ, 620 ಬರುತ್ತದೆ, ಆ ಕೇಂದ್ರದ 612 ಕಿಲೋಹರ್ಟ್ಜ್ ಬರುವುದಿಲ್ಲ. ಸೆಟ್ ಅಮೆರಿಕದ ವಲಯಕ್ಕೆ ಹೊಂದಿಕೆಯಾಗಿತ್ತು. ಅಲ್ಲಿ ಎಎಂ ನಿಲ್ದಾಣಗಳ ನಡುವೆ ಹತ್ತು ಕಿಲೋಹರ್ಟ್ಜ್ ಅಂತರ, ನಮ್ಮಲ್ಲಿ ಒಂಬತ್ತು. ಇದೊಂದು ಮಾತ್ರ ಮೆನುವಿನಲ್ಲೇ ಬಗೆಹರಿಯಿತು.

ಕೊರಟಗೆರೆ ರಸ್ತೆಯಲ್ಲಿ ಒಂದು ಮಳೆಗೆ ಸಿಕ್ಕಿ ಪರದೆಯೊಳಗೆ ಹಬೆ ಕಟ್ಟಿದ ಮೇಲೆ, ಕಾರಿನ ಡ್ಯಾಶ್‌ಬೋರ್ಡಿಗೆಂದು ಮಾಡಿದ ವಸ್ತುವನ್ನು ಬಯಲಿನಲ್ಲಿ ಇಟ್ಟಿದ್ದೇನೆಂಬ ಅರಿವಾಗಿ ಅದನ್ನು ತೆಗೆಸಿದೆ. ತುಮಕೂರಿನ ಹಿರಿಯ ಎಲೆಕ್ಟ್ರಿಷಿಯನ್ ಒಬ್ಬರು ಎರಡು ದಿನ ಕುಳಿತು ಪ್ರತಿ ತಂತಿಯನ್ನೂ ಬೆಸುಗೆ ಹಾಕಿ, ಮೇಲೆ ಸ್ಲೀವ್ (ರಕ್ಷಣೆಯ ಕೊಳವೆ) ತೊಡಿಸಿ, ಹಳೆಯ ರೇಡಿಯೊವನ್ನೇ ಕೂರಿಸಿದರು. ಹಳೆಯದನ್ನು ಮಾರದೆ ಇಟ್ಟುಕೊಂಡಿದ್ದೇ ನಾನು ಮಾಡಿದ ಏಕೈಕ ಜಾಣತನ.

ಬದಲಿಸಲೇಬೇಕೆನ್ನುವವರು ನಿಮ್ಮ ಬೈಕಿನ ಮಾದರಿ ಮತ್ತು ವರ್ಷಕ್ಕೆಂದೇ ಮಾಡಿದ, ಹ್ಯಾಂಡಲಿನ ಗುಂಡಿಗಳನ್ನೂ ದುಡಿಸುವ ಅಡಾಪ್ಟರ್ ಹಾರ್ನೆಸ್ (ಮೂಲ ಕಪ್ಲರಿಗೆ ನೇರ ಸಿಕ್ಕಿಸುವ ತಂತಿಗಳ ಕಟ್ಟು) ಕೈಗೆ ಬಂದ ಮೇಲಷ್ಟೇ ಫೇರಿಂಗ್ ಬಿಚ್ಚಿಸಿ, ಹಣ ಕೊಡುವ ಮುನ್ನ ಇಗ್ನಿಷನ್ ಆಫ್ ಮಾಡಿ ಮೀಟರಿನಲ್ಲಿ ಕರೆಂಟ್ ಅಳೆಸಿ. ಬಿಲ್ಲನ್ನೂ ಪಡೆಯಿರಿ. ನಾನು ಕೇಳಿರಲಿಲ್ಲ, ಅವರು ಕೊಟ್ಟಿರಲಿಲ್ಲ. ಹಾಗಾಗಿ ಈಗ ಅಂಗಡಿಯವರು ನನ್ನ ಬೈಕನ್ನು ಮುಟ್ಟಿಯೇ ಇಲ್ಲವೆನ್ನುತ್ತಾರೆ.